ಮೇಲೆ ಮಳೆ, ಕೆಳಗೆ ಹಳ್ಳ

ಆಷಾಢದ ಶನಿವಾರ, ಭಾನುವಾರಗಳಲ್ಲಿ ಚಾಮರಾಜನಗರ ದಾಟಿ ಸತ್ಯಮಂಗಲದ ರಸ್ತೆ ಹಿಡಿಯುವ ಬೈಕುಗಳ ಹಿಂಬದಿಯಲ್ಲಿ ಮಡಚಿ ಕಟ್ಟಿದ ರೇನ್‌ಕೋಟುಗಳು ಕಾಣುತ್ತವೆ. ಪುಣಜನೂರಿನಲ್ಲಿ ಟೀಗೆಂದು ಇಳಿದ ಹುಡುಗರು ಅಂಗಡಿಯವರನ್ನು ಕೇಳುವುದು ಒಂದೇ ಮಾತು: ‘ಅಣ್ಣ, ಇಲ್ಲಿ ಫಾಲ್ಸ್ ಎಲ್ಲಿದೆ?’ ಎದುರಿಗೆ ಬಿಳಿಗಿರಿರಂಗನ ಬೆಟ್ಟಸಾಲಿನ ತೆಂಕಣ ಅಂಚು ಮೋಡ ಹೊದ್ದು ನಿಂತಿರುತ್ತದೆ. ಅದೇ ವಾರ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಜಲಪಾತವೊಂದು ಭೋರ್ಗರೆಯುವ ವಿಡಿಯೊ ಅವರ ಫೋನಿನಲ್ಲಿ ಓಡುತ್ತಿರುತ್ತದೆ. ಅಷ್ಟು ಮೋಡವಿರುವ ಬೆಟ್ಟದಲ್ಲಿ ನೀರು ಧುಮುಕದೆ ಇರಲು ಸಾಧ್ಯವೇ ಎಂಬುದು ಅವರ ಲೆಕ್ಕ. ಆದರೆ ರಸ್ತೆಯ ಮೋರಿಗಳಡಿ ಹಾಯುವ ಹಳ್ಳಗಳನ್ನು ಬಗ್ಗಿ ನೋಡಿದರೆ, ಮಳೆ ಹಿಂದುಳಿದ ವರ್ಷಗಳಲ್ಲಿ ಸಿಗುವುದು ಬೆಳ್ಳನೆಯ ಮರಳು, ಉರುಟುಗಲ್ಲು, ಅಲ್ಲಲ್ಲಿ ನಿಂತ ಕಂದು ನೀರು.

ಈ ಬೆಟ್ಟದ ಮಳೆಗೆ ಅದರದೇ ಪಂಚಾಂಗವಿದೆ. ಅದನ್ನು ಓದಲು ಬಾರದೆ ಇಲ್ಲಿ ನೀರು ಹುಡುಕಿ ಹೊರಡುವವರು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗುತ್ತಾರೆ. ಇನ್ನು ಕೆಲವರು, ಓದದೆಯೇ ಒಳಹೊಕ್ಕು, ಅಪಾಯಕ್ಕೆ ಸಿಕ್ಕುತ್ತಾರೆ.

ಜೂನಿನಲ್ಲಿ ಅರಬ್ಬಿ ಸಮುದ್ರದಿಂದ ಏರಿ ಬರುವ ಮುಂಗಾರಿನ ಗಾಳಿ ಹೊತ್ತು ತಂದ ನೀರಿನ ಬಹುಪಾಲನ್ನು ಕೊಡಗು, ವಯನಾಡು, ನೀಲಗಿರಿಯ ಪಡುವಣ ಇಳಿಜಾರುಗಳಲ್ಲೇ ಸುರಿದುಬಿಡುತ್ತದೆ. ಘಟ್ಟ ಹತ್ತಿದ ಗಾಳಿ ಆಚೆಗೆ ಇಳಿಯುವಾಗ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಅದರೊಳಗಿನ ಮೋಡ ಕರಗುತ್ತದೆ. ಗುಂಡ್ಲುಪೇಟೆ, ಚಾಮರಾಜನಗರದ ಬಯಲು ಬಿದ್ದಿರುವುದು ಈ ಮಳೆನೆರಳಿನಲ್ಲಿ. ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆ 800 ಮಿ.ಮೀ. ಆಸುಪಾಸಿನದು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಜುಲೈನಲ್ಲಿ ಪುಣಜನೂರಿನ ಮೇಲೆ ಓಡುವ ಮೋಡ ಹೆಚ್ಚಾಗಿ ಬರೀ ದಾರಿಹೋಕ. ನೆತ್ತಿಯ ಮೇಲೆ ಜಡಿ ಹನಿಸುತ್ತದೆ, ತಪ್ಪಲಿಗೆ ತಣ್ಣನೆಯ ಗಾಳಿ ಬೀಸುತ್ತದೆ, ಮುಂದಕ್ಕೆ ಸಾಗುತ್ತದೆ.

ಇಲ್ಲಿನ ಮಳೆಗೆ ಎರಡು ಏರುಗಳಿವೆ. ಮೊದಲನೆಯದು ಮೇ ತಿಂಗಳಲ್ಲಿ. ಹಗಲಿಡೀ ಕಾದ ನೆಲದಿಂದ ಎದ್ದ ಬಿಸಿಗಾಳಿ ಬೆಟ್ಟದ ಮೈಗೆ ತಾಗಿ ಮೇಲೇರಿ, ಮಧ್ಯಾಹ್ನ ಕಳೆಯುತ್ತಲೇ ಗುಡುಗು ಸಿಡಿಲಿನೊಂದಿಗೆ ಒಂದೆರಡು ಗಂಟೆ ಮಳೆಯಾಗಿ ರಪರಪನೆ ಬಡಿದು ನಿಲ್ಲುತ್ತದೆ. ಎರಡನೆಯದು, ದೊಡ್ಡದು, ಉತ್ತರೆ ಕಳೆದು ಹಸ್ತ, ಚಿತ್ತೆ, ಸ್ವಾತಿ ಮಳೆಗಳು ಕೂಡುವ ಕಾಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳವರೆಗೆ ಗಾಳಿ ದಿಕ್ಕು ಬದಲಿಸಿ ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುತ್ತದೆ. ತಮಿಳುನಾಡಿನ ಕರಾವಳಿಗೆ ಒಂದು ವಾಯುಭಾರ ಕುಸಿತ ಬಂತೆಂದರೆ ಅದರ ಸೆರಗು ಇಲ್ಲಿಯವರೆಗೂ ಹಾಸುತ್ತದೆ. ಮಲೆನಾಡಿನ ಜಲಪಾತಗಳು ಸೊರಗತೊಡಗುವ ಹೊತ್ತಿಗೆ ಪುಣಜನೂರು, ಬೇಡಗುಳಿಯ ಸುತ್ತಿನ ಹಳ್ಳಗಳು ಮೈದುಂಬುತ್ತವೆ. ಬೆಟ್ಟದ ಬುಡದಲ್ಲಿ ವರ್ಷಕ್ಕೆ 600 ಮಿ.ಮೀ. ಅಷ್ಟೇ ಬೀಳುವ ಜಾಗಗಳಿವೆ. ನೆತ್ತಿಯಲ್ಲಿ ಅದರ ಹಲವು ಪಟ್ಟು ಬೀಳುತ್ತದೆ. ಕೆಳಗೆ ಮುಳ್ಳುಕುರುಚಲು, ನಡುವೆ ದಿಂಡಿಗ, ಮತ್ತಿ, ಬಿದಿರಿನ ಕಾಡು, ಮೇಲೆ ಸದಾ ಹಸಿರಿನ ಕಾನು, ಅದಕ್ಕೂ ಮೇಲೆ ಹುಲ್ಲುಗಾವಲು. ಒಂದೇ ಬೆಟ್ಟದಲ್ಲಿ ಇಷ್ಟು ಬಗೆಯ ಕಾಡು ಬೆಳೆಯಲು ಈ ಮಳೆಯ ಏರುಪೇರೇ ಕಾರಣ.

ಇದೇ ಜಿಲ್ಲೆಯ ಹೆಸರಾಂತ ಜಲಪಾತ ಭರಚುಕ್ಕಿಯನ್ನು ನೋಡಿದರೆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು, ಮಂಡ್ಯದ ಕಡೆ ಗಗನಚುಕ್ಕಿಯಾಗಿ, ಕೊಳ್ಳೇಗಾಲದ ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ಜುಲೈ, ಆಗಸ್ಟಿನಲ್ಲಿ ಕೊಳ್ಳೇಗಾಲದಲ್ಲಿ ಒಂದು ಹನಿ ಬೀಳದ ದಿನವೂ ಭರಚುಕ್ಕಿಯ ಬಂಡೆಗಳು ಒಂದೂ ಕಾಣದಷ್ಟು ನೀರು ಹರಿಯಬಹುದು. ಅದು ಭಾಗಮಂಡಲದ, ವಯನಾಡಿನ ಮಳೆ. ಕೃಷ್ಣರಾಜಸಾಗರ, ಕಬಿನಿ ತುಂಬಿ ಗೇಟು ಎತ್ತಿದ ಮೇಲೆ ಅದು ಇಲ್ಲಿಗೆ ಬಂದು ಬೀಳುತ್ತದೆ. ನೋಡಲು ನಿಂತವರ ನೆತ್ತಿಯ ಮೇಲೆ ಬಿಸಿಲು, ಎದುರಿಗೆ ಪ್ರವಾಹ.

ಜಲಪಾತ ಯಾವತ್ತೂ ಹೀಗೆಯೇ. ನಾವು ನಿಂತು ನೋಡುವ ಜಾಗದಲ್ಲಿ ಅದು ಬರೀ ಬೀಳುತ್ತದೆ, ಹುಟ್ಟುವುದು ಬೇರೆ ಎಲ್ಲೋ. ಕಾವೇರಿಯಂಥ ದೊಡ್ಡ ನದಿಗಾದರೆ ಆ ‘ಬೇರೆ ಎಲ್ಲೋ’ ನೂರಾರು ಕಿಲೋಮೀಟರ್ ದೂರ, ನೀರು ಬರಲು ದಿನಗಳು ಬೇಕು, ಅಷ್ಟರಲ್ಲಿ ಟಿ.ವಿ.ಯಲ್ಲಿ ಸುದ್ದಿ, ಹೊಳೆದಂಡೆಯಲ್ಲಿ ಟಾಂಟಾಂ. ಪುಣಜನೂರಿನ ಹಳ್ಳಕ್ಕೆ ಅದು ಒಂದೆರಡು ಕಿಲೋಮೀಟರ್ ಮೇಲಿನ ಗುಡ್ಡದ ಮಗ್ಗುಲು. ಅಲ್ಲಿ ಬಿದ್ದದ್ದು ಇಲ್ಲಿಗೆ ಬರಲು ಅರ್ಧ ಗಂಟೆ, ಒಂದು ಗಂಟೆ ಸಾಕು. ಯಾರೂ ಸಾರಿ ಹೇಳುವುದಿಲ್ಲ. ಮಳೆಗಾಲದಲ್ಲಿ ಬೆಟ್ಟದ ನೀರಿನ ಹತ್ತಿರ ಹೋಗುವವರು ಮನಸ್ಸಿಗೆ ತಂದುಕೊಳ್ಳಲೇಬೇಕಾದ ಸಂಗತಿ ಇದು: ತಮ್ಮ ತಲೆಯ ಮೇಲಿನ ಆಕಾಶ ಅವರಿಗೆ ಏನನ್ನೂ ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಚದರ ಕಿಲೋಮೀಟರ್ ಗುಡ್ಡದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 5 ಕೋಟಿ ಲೀಟರ್ ನೀರು. ಚಿತ್ತೆ ಮಳೆಯ ಒಂದು ಜೋರು ಸಂಜೆಗೆ 50 ಮಿ.ಮೀ. ದೊಡ್ಡ ಮಾತಲ್ಲ. ಬೇಸಗೆ ಕಳೆದ ಮೊದಲ ಮಳೆಯಲ್ಲಾದರೆ ಮಣ್ಣು ಅದರ ಬಹುಪಾಲನ್ನು ಕುಡಿದುಬಿಡುತ್ತದೆ. ವಾರಗಟ್ಟಲೆ ನೆನೆದ ಮೇಲೆ ಮಣ್ಣಿನ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದದ್ದೆಲ್ಲ ಹರಿಯುತ್ತದೆ. ಆದ್ದರಿಂದ ಮೇ ತಿಂಗಳ ದೊಡ್ಡ ಮಳೆಗಿಂತ ಅಕ್ಟೋಬರ್‌ನ ಸಾಧಾರಣ ಮಳೆ ಹಳ್ಳವನ್ನು ಹೆಚ್ಚು ಕೆರಳಿಸಬಲ್ಲದು. ಹರಿವಿನ ವೇಗ ಎರಡು ಪಟ್ಟಾದರೆ ಅದು ನಮ್ಮ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕಣಕಾಲು ಮುಳುಗುವಷ್ಟೇ ನೀರು, ಸೆಳವು ಇದ್ದರೆ, ಗಟ್ಟಿ ಆಳನ್ನೂ ಕೆಡವುತ್ತದೆ. ಆ ನೀರಿನ ಜೊತೆ ತಳದ ಕಲ್ಲುಗಳೂ ಉರುಳುತ್ತಿರುತ್ತವೆ ಎಂಬುದು ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

2024ರ ಮೇ 17ರಂದು ತಮಿಳುನಾಡಿನ ತೆಂಕಾಶಿ ಜಿಲ್ಲೆಯ ಹಳೆ ಕುಟ್ರಾಲಂ ಜಲಪಾತದಲ್ಲಿ ನಡೆದದ್ದು ಇದೇ. ಜನ ಎಂದಿನಂತೆ ನೀರಿಗೆ ತಲೆಯೊಡ್ಡಿ ಸ್ನಾನ ಮಾಡುತ್ತಿದ್ದರು. ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ಒಮ್ಮೆಗೇ ಕೆಂಪಗೆ ಇಳಿದು ಬಂತು. ಓಡಿ ಮೆಟ್ಟಿಲು ಹತ್ತಿದವರು ಉಳಿದರು. 17 ವರ್ಷದ ಹುಡುಗನೊಬ್ಬ ಕೊಚ್ಚಿಹೋದ. ಅದೇ ವರ್ಷ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದ ಭುಶಿ ಅಣೆಕಟ್ಟೆಯ ಹಿಂದಿನ ತೊರೆಯಲ್ಲಿ ಒಂದೇ ಕುಟುಂಬದ ಐವರು, ಸುತ್ತ ಜನ ನೋಡುತ್ತಿದ್ದಂತೆಯೇ, ನಡುಬಂಡೆಯಿಂದ ಕೊಚ್ಚಿಹೋದರು. ಅವರು ನಿಂತಿದ್ದ ಬಂಡೆ ಸ್ವಲ್ಪ ಹೊತ್ತಿನ ಮುಂಚೆ ಆರಾಮವಾಗಿ ನಿಲ್ಲಬಹುದಾದ ಜಾಗವೇ ಆಗಿತ್ತು. ನಮ್ಮಲ್ಲೇ, 2023ರ ಜುಲೈನಲ್ಲಿ, ಕೊಲ್ಲೂರಿನ ಹತ್ತಿರದ ಅರಸಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತ ಯುವಕ ಕಾಲು ಜಾರಿ ಬಿದ್ದ. ಅವನು ಬೀಳುವುದು ಗೆಳೆಯನ ಮೊಬೈಲ್ ವಿಡಿಯೊದಲ್ಲಿ ದಾಖಲಾಗಿತ್ತು. ಅದನ್ನು ಲಕ್ಷಾಂತರ ಜನ ನೋಡಿದರು. ದೇಹ ಸಿಗಲು ದಿನಗಳೇ ಹಿಡಿದವು.

ಬಂಡೆ ಯಾಕೆ ಅಷ್ಟು ಜಾರುತ್ತದೆ? ಕಣ್ಣಿಗೆ ಹಸಿರಾಗಿ ಕಾಣುವ ಪಾಚಿಯ ವಿಷಯ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೋಸದ್ದು ಬಣ್ಣವೇ ಇಲ್ಲದ ಲೋಳೆಯ ತೆಳುಪದರ. ಸೂಕ್ಷ್ಮಜೀವಿಗಳು ಒದ್ದೆ ಕಲ್ಲಿನ ಮೇಲೆ ಕಟ್ಟಿಕೊಳ್ಳುವ ಈ ಪದರ ಕಪ್ಪು ಬಂಡೆಯನ್ನು ತೊಳೆದಿಟ್ಟಂತೆ ತೋರಿಸುತ್ತದೆ. ವರ್ಷದಲ್ಲಿ ಕೆಲವೇ ತಿಂಗಳು ನೀರು ಹಾಯುವ ಕಲ್ಲಿನ ಮೇಲೆ ಅದು ಇನ್ನೂ ಅಪಾಯಕಾರಿ, ಏಕೆಂದರೆ ನಿನ್ನೆ ಒಣಗಿದ್ದಾಗ ಅದೇ ಕಲ್ಲು ಕಾಲಿಗೆ ಚೆನ್ನಾಗಿ ಹಿಡಿತ ಕೊಟ್ಟಿರುತ್ತದೆ. ಇಲ್ಲಿನ ಕಲ್ಲು ಬಹುಮಟ್ಟಿಗೆ ಚಾರ್ನೋಕೈಟ್. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಗೆ ಬಳಸಿದ ಕಲ್ಲಿನಿಂದ ಆ ಹೆಸರು ಬಂತು. ದಕ್ಷಿಣದ ಎಷ್ಟೋ ಬೆಟ್ಟಗಳು ಇದೇ ಕಲ್ಲಿನವು. ಬಲು ಹಳೆಯದು, ಬಲು ಗಟ್ಟಿ. ನೀರು ಅದನ್ನು ಸುಲಭವಾಗಿ ಕೊರೆಯಲಾರದು. ಬಿರುಕು ಸಿಕ್ಕ ಕಡೆ ಮಾತ್ರ ಒಳಹೊಕ್ಕು, ಚಪ್ಪಡಿ ಚಪ್ಪಡಿಯಾಗಿ ಕಳಚಿ, ಮೆಟ್ಟಿಲು ಮಾಡಿಕೊಳ್ಳುತ್ತದೆ. ಈ ಬೆಟ್ಟದ ತೊರೆಗಳು ಜೋಗದಂತೆ ಒಂದೇ ನೆಗೆತಕ್ಕೆ ಬೀಳುವುದಕ್ಕಿಂತ ಬಂಡೆಯಿಂದ ಬಂಡೆಗೆ ಜಾರಿಳಿಯುವುದೇ ಹೆಚ್ಚು. ಎತ್ತರ ಕಡಿಮೆ ಎಂದು ಇವುಗಳನ್ನು ಹಗುರವಾಗಿ ನೋಡುವಂತಿಲ್ಲ. ನೀರು ಬೀಳುವ ಗುಂಡಿಯಲ್ಲಿ ಗಾಳಿಗುಳ್ಳೆ ಬೆರೆತು ನೀರು ಬೆಳ್ಳಗೆ ನೊರೆಯಾಗಿರುವ ಕಡೆ, ಅದಕ್ಕೆ ದೇಹವನ್ನು ತೇಲಿಸುವ ಶಕ್ತಿ ಕುಗ್ಗಿರುತ್ತದೆ. ಈಜು ಬಲ್ಲವರೂ ಅಲ್ಲಿ ಕೆಳಗೆ ಹೋಗುತ್ತಾರೆ. ಒಳಸುಳಿ ಮತ್ತೆ ಅವರನ್ನು ಬೀಳುವ ನೀರಿನ ಬುಡಕ್ಕೇ ಎಳೆದು ತರುತ್ತದೆ.

ಬೆಟ್ಟದಲ್ಲಿ ಬೆಳೆದವರು ಇದನ್ನೆಲ್ಲ ಬೇರೆ ರೀತಿಯಲ್ಲಿ ಕಲಿತಿರುತ್ತಾರೆ. ಪುಣಜನೂರಿನ ಸುತ್ತಿನ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಈ ಬೆಟ್ಟದ ಆದಿವಾಸಿಗಳಾದ ಸೋಲಿಗರಿದ್ದಾರೆ. ಅರಣ್ಯ ಇಲಾಖೆಯ ವಾಚರ್‌ಗಳಾಗಿ, ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಮಳೆಯೆನ್ನದೆ ಚಳಿಯೆನ್ನದೆ ಕಾಡು ಸುತ್ತುವವರಲ್ಲಿ ಅನೇಕರು ಅವರೇ. ಹಳ್ಳ ದಾಟುವ ಮುಂಚೆ ಅಂಥವರೊಬ್ಬರು ಸುಮ್ಮನೆ ನಿಂತು ನೋಡುವುದನ್ನು ಗಮನಿಸಬೇಕು. ನೀರಿನ ಬಣ್ಣ ನೋಡುತ್ತಾರೆ: ತಿಳಿಯಾಗಿದ್ದದ್ದು ಟೀ ಬಣ್ಣಕ್ಕೆ ತಿರುಗಿದರೆ ಮೇಲೆ ಎಲ್ಲೋ ಮಣ್ಣು ಕರಗುತ್ತಿದೆ. ತರಗೆಲೆ, ಒಣಕಡ್ಡಿ ಗುಂಪುಗುಂಪಾಗಿ ತೇಲಿ ಬಂದರೆ ದಡದಂಚು ಮುಳುಗುವಷ್ಟು ನೀರು ಏರಿದೆ, ಅದರ ಹಿಂದೆಯೇ ದೊಡ್ಡದು ಬರುತ್ತಿದೆ. ಹಳ್ಳದ ಸದ್ದು ಕುಣಿಯುವುದನ್ನು ಬಿಟ್ಟು ಕೆಳದನಿಯಲ್ಲಿ ಗುಡುಗತೊಡಗಿದರೆ ತಳದ ಕಲ್ಲು ಉರುಳುತ್ತಿದೆ. ಕೆಸರಿನ ವಾಸನೆ ಗಾಳಿಯಲ್ಲಿ ಮೊದಲೇ ಬರುತ್ತದೆ. ಇವುಗಳಲ್ಲಿ ಯಾವುದು ಕಂಡರೂ ದಾಟುವುದಿಲ್ಲ, ನಿಲ್ಲುತ್ತಾರೆ. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆಂಬುದು ಗೊತ್ತಿರುವುದರಿಂದ, ಒಂದೆರಡು ಗಂಟೆ ಎತ್ತರದ ದಡದಲ್ಲಿ ಕೂತು ಬೀಡಿ ಸೇದುವುದು ಅವರಿಗೆ ಕಾಲಹರಣವಲ್ಲ. ‘ಮೋಡ ನೋಡ್ಬ್ಯಾಡಿ ಸಾ, ಬೆಟ್ಟ ನೋಡಿ. ಬೆಟ್ಟ ಕಾಣ್ದಿದ್ರ ಅಲ್ಲಿ ಮಳ ಹಿಡ್ದದ ಅಂತ’ ಎಂದು ಈ ಸೀಮೆಯ ಹಿರಿಯರು ಹೇಳುವುದರಲ್ಲಿ ಜಲವಿಜ್ಞಾನದ ಒಂದು ಇಡೀ ಅಧ್ಯಾಯವಿದೆ.

ಇನ್ನೊಂದು ಮಾತು ಅವರಿಂದ ಕಲಿಯಬೇಕಾದದ್ದು, ಹೊತ್ತಿನದು. ಮೇ ತಿಂಗಳಲ್ಲೂ ಹಿಂಗಾರಿನಲ್ಲೂ ಇಲ್ಲಿನ ಜೋರು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬೆಳಗಿನ ಹಳ್ಳದಲ್ಲಿರುವುದು ನಿನ್ನೆಯ ಮಳೆ: ಇಳಿಮುಖವಾಗಿರುತ್ತದೆ, ನೀರು ಹೆಚ್ಚು ತಿಳಿಯಾಗಿರುತ್ತದೆ, ನೋಡಲೂ ಚೆಲುವು. ಕಾಡಿನೊಳಗೆ ಕೆಲಸವಿರುವವರು ನಸುಕಿನಲ್ಲೇ ಹೊರಟು, ಹೊತ್ತು ನೆತ್ತಿಗೇರಿ ಸ್ವಲ್ಪ ಇಳಿಯುವಷ್ಟರಲ್ಲಿ ಹಿಂದಿರುಗುತ್ತಾರೆ. ನಗರದಿಂದ ಬರುವ ನಾವು ಬೆಳಿಗ್ಗೆ ತಿಂಡಿ ತಿಂದು ಹೊರಟು, ಸರಿಯಾಗಿ ಮೋಡ ಕಟ್ಟುವ ಹೊತ್ತಿಗೆ ಬೆಟ್ಟ ಮುಟ್ಟುತ್ತೇವೆ. ಆ ಹೊತ್ತಿನಲ್ಲಿ ಬೋಳು ನೆತ್ತಿಯ ಹುಲ್ಲುಗಾವಲಿನಲ್ಲಿ ಸಿಡಿಲಿಗೆ ಎಲ್ಲಕ್ಕಿಂತ ಎತ್ತರದ ಗುರಿ ಮನುಷ್ಯನೇ. ಮಿಂಚು ಕಂಡ ಮೂರು ಸೆಕೆಂಡಿಗೆ ಗುಡುಗು ಕೇಳಿಸಿದರೆ ಸಿಡಿಲು ಬಿದ್ದದ್ದು ಒಂದೇ ಕಿಲೋಮೀಟರ್ ಆಚೆ.

ಇಷ್ಟೆಲ್ಲ ಹೇಳಿದ ಮೇಲೂ, ಪುಣಜನೂರಿನಲ್ಲಿ ನಡೆಯುವವರಿಗೆ ಮಳೆಗಿಂತ ದೊಡ್ಡ ಸಂಗತಿ ಆನೆ.

ಇದು ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶದ ಕಾಡು. ರಸ್ತೆ ಮುಂದೆ ಸಾಗಿದರೆ ಹಾಸನೂರು, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಚಾಮರಾಜನಗರದ ಕಾಡನ್ನೂ ತಲಮಲೈ ಕಾಡನ್ನೂ ಬೆಸೆಯುವ ಆನೆಪಥಗಳಲ್ಲಿ ಒಂದು ಪುಣಜನೂರಿನ ಬಳಿಯೇ ಹಾಯುತ್ತದೆ. ಪೂರ್ವಘಟ್ಟ, ಪಶ್ಚಿಮಘಟ್ಟಗಳ ಆನೆಗಳು ಬೆರೆಯುವುದು ಇಂಥ ಕೆಲವೇ ಸಂದಿಗಳ ಮೂಲಕ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಆನೆಗಳು ದಟ್ಟ ಕಾಡಿನಿಂದ ತೆರೆದ ಜಾಗಕ್ಕೆ ಬರುತ್ತವೆಂಬುದನ್ನು ಈ ಸೀಮೆಯಲ್ಲೇ ಗಮನಿಸಿದವನು ಜಿ.ಪಿ. ಸ್ಯಾಂಡರ್ಸನ್. ನೀರಾವರಿ ಕಾಲುವೆಗಳ ಅಧಿಕಾರಿಯಾಗಿ ಬಂದ ಅವನು 1874ರಲ್ಲಿ ಚಾಮರಾಜನಗರದ ಹತ್ತಿರ ಹೊನ್ನುಹೊಳೆಯ ಬಯಲಿನಲ್ಲಿ ಆನೆ ಹಿಡಿಯುವ ಮೈಸೂರಿನ ಮೊದಲ ಯಶಸ್ವಿ ಖೆಡ್ಡಾ ನಡೆಸಿದ್ದೂ ಮಳೆಗಾಲದಲ್ಲೇ.

ಮಳೆಯಲ್ಲಿ ಕಾಡಿನ ಸದ್ದು ಮುಚ್ಚಿಹೋಗುತ್ತದೆ. ಎಲೆಯ ಮೇಲೆ ಬೀಳುವ ಹನಿ, ಹರಿವ ನೀರು, ತೊಯ್ದ ಬಿದಿರಿನ ಕಿರಕಿರ ಸೇರಿ, ಹತ್ತು ಮಾರು ದೂರದಲ್ಲಿ ಆನೆ ಕೊಂಬೆ ಮುರಿದದ್ದೂ ಕೇಳದಂತಾಗುತ್ತದೆ. ಆನೆಗೂ ನಮ್ಮ ಸದ್ದು ಕೇಳುವುದಿಲ್ಲ. ಮಳೆಗಾಳಿ ಸುತ್ತಿ ಬೀಸುವಾಗ ವಾಸನೆಯೂ ನೇರ ಸಿಗುವುದಿಲ್ಲ. ಎರಡೂ ಕಡೆಯವರು ಬೆಚ್ಚುವಷ್ಟು ಹತ್ತಿರದಲ್ಲಿ ಎದುರಾಗುವುದು ಇದರಿಂದ. ಜಲಪಾತದ ಬುಡದಲ್ಲಂತೂ ಕಿವಿ ಸಂಪೂರ್ಣ ಕಿವುಡು. ಆ ಗದ್ದಲವನ್ನು ಸೀಳಿಕೊಂಡು ಕೇಳಿಸುವುದು ಮಲಬಾರ್ ಸಿಳ್ಳಾರ ಹಕ್ಕಿಯ ಸಿಳ್ಳೊಂದೇ. ತೊರೆಯ ಬಂಡೆಗಳಲ್ಲೇ ಬದುಕುವ ಅದರ ದನಿ ನೀರಿನ ಮೊರೆತಕ್ಕಿಂತ ಮೇಲಿನ ಶ್ರುತಿಯದು. ಮನುಷ್ಯನ ಕೂಗಿಗೆ ಆ ಅನುಕೂಲವಿಲ್ಲ.

ಹಾಗಾಗಿ ಟೀ ಅಂಗಡಿಯ ಹುಡುಗರಿಗೆ ಸಿಗಬೇಕಾದ ನೇರ ಉತ್ತರ ಇದು: ಇಲ್ಲಿ ನೀರು ಬೀಳುವ ಜಾಗಗಳಿವೆ, ಆದರೆ ರಸ್ತೆ ಬಿಟ್ಟು ಕಾಡಿಗೆ ಇಳಿಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ವನ್ಯಧಾಮ ಹೊಕ್ಕುವುದು ಅಪರಾಧ. 1974ರಲ್ಲಿ ವನ್ಯಧಾಮವಾದ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಿಯಮವನ್ನು ಕಿರಿಕಿರಿಯೆಂದು ಭಾವಿಸುವವರು 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಆದದ್ದನ್ನು ನೆನೆಯಬೇಕು. ಅಲ್ಲಿ ಕಾಡ್ಗಿಚ್ಚಿಗೆ ಸಿಕ್ಕ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿದ್ದದ್ದು ಬೆಂಕಿ, ಇಲ್ಲಿ ನೀರು. ಕಾಡಿನೊಳಗೆ ಯಾರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲದಿದ್ದರೆ ಎರಡೂ ಒಂದೇ. ಕರ್ನಾಟಕದಲ್ಲೂ 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಜನಜಾತ್ರೆ ನೆರೆದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಈಗ ಚಾರಣದ ದಾರಿಗಳಿಗೆ ‘ಅರಣ್ಯ ವಿಹಾರ’ ತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ದಿನಕ್ಕೆ ಇಂತಿಷ್ಟೇ ಜನ. ಇದು ಒಳ್ಳೆಯದೇ ಆಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಡಿನ ದಾರಿಯಲ್ಲಿ ನೂರು ಜನ ಒಟ್ಟಿಗೆ ನಡೆದರೆ ಕಾಣುವುದು ಮುಂದಿನವರ ಬೆನ್ನು, ಉಳಿಯುವುದು ಕೆಸರು ಮತ್ತು ಪ್ಲಾಸ್ಟಿಕ್.

ಆದರೆ ಕಾಡನ್ನು ಮುಚ್ಚಿಟ್ಟದ್ದೇ ಅದರ ಕಥೆಯ ಕೊನೆಯಲ್ಲ. ಈ ನೀರು ಶತಮಾನಗಳಿಂದ ಕೆಲವರಿಗೆ ಸೇರಿದ್ದು.

ಸೋಲಿಗರು ಬೆಟ್ಟವನ್ನು ತಮ್ಮ ಕುಲಗಳ ಯಲ್ಲೆಗಳಾಗಿ ಹಂಚಿಕೊಂಡಿದ್ದಾರೆ. ಪ್ರತಿ ಯಲ್ಲೆಯಲ್ಲೂ ಐದು ಬಗೆಯ ಪವಿತ್ರ ತಾಣಗಳಿರುತ್ತವೆ: ದೇವರು, ಮಾರಮ್ಮ, ವೀರು, ಕಲ್ಲುಗುಡಿ ಮತ್ತು ಅಬ್ಬಿ. ಕಲ್ಲುಗುಡಿ ಸತ್ತ ಹಿರಿಯರಿಗೆ, ಅಬ್ಬಿ ನೀರಿಗೆ. ಒಂದು ಕುಲದ ಯಲ್ಲೆಯನ್ನು ಕಾಯುವ ಐವರಲ್ಲಿ ಹರಿಯುವ ನೀರೂ ಒಬ್ಬರು. ಅಲ್ಲಿಗೆ ಯಾರು ಹೋಗಬೇಕು, ಯಾವಾಗ, ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಕಟ್ಟಳೆಗಳಿವೆ. ಇಂಥ ನೂರಾರು ತಾಣಗಳನ್ನು ಸೋಲಿಗ ಹಿರಿಯರೇ ಸಂಶೋಧಕರ ಜೊತೆ ಕಾಡು ಸುತ್ತಿ ನಕ್ಷೆಯ ಮೇಲೆ ಗುರುತಿಸಿದ್ದಾರೆ. ನಕ್ಷೆ ತಯಾರಾದಾಗ ಸರ್ಕಾರಿ ನಕ್ಷೆಯಲ್ಲಿ ಬರೀ ಹಸಿರು ಬಣ್ಣವಾಗಿದ್ದ ಕಾಡು ಹೆಸರುಗಳಿಂದ ತುಂಬಿಹೋಯಿತು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಹೊರಗಿನವರಿಗೂ ಗೊತ್ತಿರುವ ತಾಣ. ಗೊತ್ತಿಲ್ಲದವು ಎಷ್ಟೋ, ಗೊತ್ತಾಗದೆ ಇದ್ದರೇ ಒಳ್ಳೆಯದು.

1970ರ ದಶಕದಲ್ಲಿ ವನ್ಯಧಾಮ ಬಂದಾಗ ಸೋಲಿಗರ ಕುಮರಿ ಬೇಸಾಯ, ಬೇಟೆ ನಿಂತವು. ಒಳಕಾಡಿನ ಎಷ್ಟೋ ಕುಟುಂಬಗಳನ್ನು ರಸ್ತೆಬದಿಯ ಪೋಡುಗಳಿಗೆ ತಂದು ಕೂಡಿಸಲಾಯಿತು. ತಮ್ಮ ಅಬ್ಬಿಗೆ ಪೂಜೆಗೆ ಹೋಗಲೂ ಅನುಮತಿ ಕೇಳಬೇಕಾದ ಕಾಲ ಬಂತು. ಅರಣ್ಯ ಹಕ್ಕು ಕಾಯ್ದೆಯಡಿ 2011ರ ಅಕ್ಟೋಬರ್ 2ರಂದು ಬಿಳಿಗಿರಿರಂಗನ ಬೆಟ್ಟದ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲೇ ಇವರು ಮೊದಲಿಗರು. ನೆಲ್ಲಿಕಾಯಿ, ಜೇನು ಸಂಗ್ರಹಿಸುವ ಹಕ್ಕಿನ ಜೊತೆ ದೇವರ ತಾಣಗಳಿಗೆ ಹೋಗಿಬರುವ ಹಕ್ಕೂ ಅದರಲ್ಲಿ ಸೇರಿದೆ. ಹೊರಗಿನ ನಾವು ಕಾಡಿನ ಗೇಟಿನ ಬಳಿ ನಿಂತು ‘ಅವರಿಗೆ ಬಿಡುತ್ತೀರಿ, ನಮಗೇಕಿಲ್ಲ’ ಎಂದು ಕೇಳುವ ಮುನ್ನ ಈ ಇತಿಹಾಸವನ್ನು ತಿಳಿದಿರಬೇಕು.

ನೀರಿನ ಹುಟ್ಟಿನ ಬಗ್ಗೆ ಸೋಲಿಗರಿಗೆ ಇನ್ನೊಂದು ದೂರಿದೆ. ಹಿಂದೆ ಬೇಸಗೆಯ ಆರಂಭದಲ್ಲೇ ಅವರು ತರಗೆಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ತಗ್ಗಾಗಿ ಹರಿದು ಬೇಗ ಆರುವ ತರಗುಬೆಂಕಿ ಅದು. ಅದು ನಿಷೇಧವಾದ ಮೇಲೆ ಲಂಟಾನ ಇಡೀ ಕಾಡನ್ನು ಆವರಿಸಿತು ಎನ್ನುತ್ತಾರೆ ಅವರು. ಬಿಳಿಗಿರಿಯಲ್ಲಿ ಲಂಟಾನ ಒಂದೆರಡು ದಶಕಗಳಲ್ಲಿ ಹೇಗೆ ದಟ್ಟವಾಯಿತೆಂಬುದನ್ನು ಪರಿಸರ ವಿಜ್ಞಾನಿಗಳೂ ಅಳೆದು ದಾಖಲಿಸಿದ್ದಾರೆ. ಹುಲ್ಲು ಹೋಯಿತು, ಹುಲ್ಲಿನ ಜಾಗದಲ್ಲಿ ಪೊದೆ ಬಂತು. ಬೆಟ್ಟದ ನೆತ್ತಿಯ ಹುಲ್ಲು ಮತ್ತು ಅದರ ಮಡಿಲಿನ ಕಾನು ಸೇರಿ ಮಳೆಯನ್ನು ಹಿಡಿದು, ಮಣ್ಣಿಗೆ ಇಳಿಸಿ, ಹೊಸ ಮಣ್ಣಿನ ಮಡಕೆ ಒಸರುವ ಹಾಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಮಳೆ ನಿಂತ ಮೇಲೂ, ಜನವರಿಯಲ್ಲೂ ಒಂದು ಅಬ್ಬಿಯಲ್ಲಿ ತೆಳುಧಾರೆ ಉಳಿದಿದ್ದರೆ ಅದು ಆ ನೆತ್ತಿಯ ಕೆಲಸ. ಜಲಪಾತವನ್ನು ಪ್ರೀತಿಸುವವರು ಚಿತ್ತೆ ಮಳೆಯ ಅಬ್ಬರಕ್ಕಿಂತ ಮಾಘದ ಆ ತೆಳುಧಾರೆಯ ಬಗ್ಗೆ ಹೆಚ್ಚು ಕಾಳಜಿ ಮಾಡಬೇಕು. ಅಬ್ಬರಕ್ಕೆ ಬಂಡೆ ಇದ್ದರೆ ಸಾಕು, ತೆಳುಧಾರೆಗೆ ಕಾಡು ಬೇಕು.

ಹಾಗಾದರೆ ನಡೆಯಲೇಬೇಕೆಂಬ ಆಸೆಯಿರುವವರು ಏನು ಮಾಡಬೇಕು? ಮಲೆನಾಡಿನ ಕಡೆ ಬಂಡಾಜೆ ಅರ್ಬಿ, ಕೊಡಚಾದ್ರಿ ತಪ್ಪಲಿನ ಹಿಡ್ಲುಮನೆಯಂಥ ದಾರಿಗಳಿವೆ. ಜೋರು ಮಳೆಯ ವಾರಗಳಲ್ಲಿ ಇಂಥ ದಾರಿಗಳನ್ನು ಇಲಾಖೆ ಮುಚ್ಚುವುದುಂಟು, ಮುಚ್ಚಿದಾಗ ಬಿಟ್ಟುಬಿಡಬೇಕು. ತೆರೆದಾಗ ಅಲ್ಲಿನ ಗೈಡ್ ಜೊತೆ, ಬೆಳಗಿನಲ್ಲೇ, ಸಣ್ಣ ಗುಂಪಿನಲ್ಲಿ ಹೋಗಬೇಕು. ಒಂದು ಬಿದಿರು ಕೋಲು ಎಂಥ ದುಬಾರಿ ಶೂಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದನ್ನು ಮುಂದಿನ ಕಲ್ಲಿಗೆ ಊರಿ, ಭಾರ ಬಿಟ್ಟು ನೋಡಿ, ಆಮೇಲೆ ಕಾಲಿಡಬೇಕು. ಜಿಗಣೆಗೆ ಅಂಜುವ ಅಗತ್ಯವಿಲ್ಲ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿಯಿಂದ ತೊಲಗುತ್ತದೆ, ಹಿಡಿದರೂ ಕೊಲ್ಲುವುದಿಲ್ಲ. ಬೀಳುವ ನೀರಿನ ಮೇಲಂಚಿಗೆ, ಅದರ ಬುಡದ ಗುಂಡಿಗೆ ಮಾತ್ರ ಹೋಗಲೇಬಾರದು. ಪಕ್ಕದ ಎತ್ತರದ ದಡದಿಂದ ನೋಡಿದರೆ ಜಲಪಾತ ಇಡಿಯಾಗಿ ಕಾಣುತ್ತದೆ. ಅಂಚಿಗೆ ಹೋದವರಿಗೆ ಅದು ಕಾಣುವುದೇ ಇಲ್ಲ.

ಪುಣಜನೂರಿಗೇ ಬರುವುದಾದರೆ ಹಸ್ತ ಚಿತ್ತೆಯ ನಡುವೆ, ಒಂದು ಜೋರು ಮಳೆಯ ಮರುದಿನ ಬೆಳಿಗ್ಗೆ ಬನ್ನಿ. ವಾಹನ ಬಿಟ್ಟು ದೂರ ಹೋಗದೆಯೂ ನೋಡುವುದು ಬೇಕಾದಷ್ಟಿದೆ. ಜುಲೈನಲ್ಲಿ ಬರೀ ಮರಳಿದ್ದ ಮೋರಿಗಳಡಿ ಹಳ್ಳ ದುಡುದುಡು ಓಡುತ್ತಿರುತ್ತದೆ. ಬೆಟ್ಟದ ಕಪ್ಪು ಬಂಡೆಗಳ ಮೇಲೆ ದೂರದಿಂದಲೇ ಬಿಳಿಗೆರೆಗಳು ಎದ್ದು ಕಾಣುತ್ತವೆ. ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಕೆಲವು ಮಾಯವಾಗಿರುತ್ತವೆ. ಸಂಜೆಗೆ ಮುಂಚೆ ಹಿಂದಿರುಗಬೇಕು. ಈ ರಸ್ತೆಯಲ್ಲಿ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳಿವೆ. ಮುಂದಿನ ದಿಂಬಂ ಘಾಟಿಯ 27 ತಿರುವುಗಳಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ.

ಆ ಬಿಳಿಗೆರೆಗಳ ನೀರು ಹಳ್ಳಕ್ಕೆ ಸೇರಿ, ಹಳ್ಳ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳಿಗೆ ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಅದು ಅಲ್ಲಿಯೇ ನಿಂತು ಚಾಮರಾಜನಗರ, ಯಳಂದೂರಿನ ಗದ್ದೆ ಕೆರೆಗಳಿಗೆ ಹಂಚಿಹೋಗುತ್ತದೆ. ಸಮೃದ್ಧ ವರ್ಷದಲ್ಲಿ ಜಲಾಶಯ ಕೋಡಿ ಬೀಳುತ್ತದೆ. 2022ರಲ್ಲಿ ಹಾಗಾದಾಗ ಯಳಂದೂರು ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಕೋಡಿ ದಾಟಿದ ಸುವರ್ಣಾವತಿ, ಅಂದರೆ ಹೊನ್ನುಹೊಳೆ, ಕೊಳ್ಳೇಗಾಲ ತಾಲ್ಲೂಕಿನಲ್ಲಿ ಕಾವೇರಿಯನ್ನು ಕೂಡುತ್ತದೆ, ಅದೂ ಶಿವನಸಮುದ್ರಕ್ಕಿಂತ ಮೇಲೆಯೇ. ಜುಲೈನ ಭರಚುಕ್ಕಿಯಲ್ಲಿ ಧುಮುಕುವುದು ಕೊಡಗು, ವಯನಾಡುಗಳ ಮಳೆ. ಹಿಂಗಾರು ಚೆನ್ನಾಗಿ ಆದ ವರ್ಷ, ಸುವರ್ಣಾವತಿ ಕೋಡಿ ಬಿದ್ದ ಸುದ್ದಿ ಬಂದ ವಾರ ಅಲ್ಲಿಗೆ ಹೋದರೆ, ಯಾರ ಅನುಮತಿಯೂ ಬೇಡದೆ, ಪುಣಜನೂರಿನ ಬೆಟ್ಟದ ನೀರು ಬೀಳುವುದನ್ನೂ ನೋಡಬಹುದು.